ಬಲಭುಜದ ಹಿಂದಿನ ಜಾಗ

ಹಿಲರಿಗೆ ವಿಧವೆಯಾಗುವುದು ಹೊಸದೇನೂ ಅಲ್ಲ. ಅವರ ಊರು ವಿಟ್ಬಿಯಲ್ಲಿ ಪ್ರತಿವರ್ಷ ಚಳಿ ಶುರುವಾಗುವ ಹೊತ್ತಿಗೆ ನಡೆಯುವ, ಹಳೆಯ ಕಾಲದವರ, ದೆವ್ವ ಪಿಶಾಚಿಗಳ ವೇಷ ಹಾಕುವ ಕಪ್ಪು ಬಟ್ಟೆಯವರ ಹಬ್ಬದಲ್ಲಿ ಅವಳು ತಪ್ಪದೆ ವಿಧವೆಯಾಗುತ್ತಿದ್ದಳು. ವಿಕ್ಟೋರಿಯಾ ರಾಣಿಯ ಕಾಲದ ಶೋಕದ ಗೌನು, ಮೊಣಕಾಲಿನವರೆಗೆ ಇಳಿಬಿದ್ದ ಮುಸುಕು, ಕರಿಕಲ್ಲಿನ ಸರ. ಬಲಭುಜದ ಹಿಂದೆ ಗಂಡ ಡೆಸ್ಮಂಡ್ ಮುಖಕ್ಕೆ ಮೈದಾ ಬಳಿದುಕೊಂಡು, ಸತ್ತ ಗಂಡನ ದೆವ್ವವಾಗಿ ನಿಲ್ಲುತ್ತಿದ್ದ. ಹೊಲಿಗೆಯೆಲ್ಲ ಅವನದೇ. ಫೋಟೊದವರು ಮುಗಿಬಿದ್ದಾಗ ಹಿಂದಿನಿಂದ ಪಿಸುಗುಡುತ್ತಿದ್ದ.

“ಸ್ವಲ್ಪ ಅಳೇ. ಸತ್ತಿರೋದು ನಾನು.”

ಹಿಲರಿ ಆ ಕ್ಷಣವೇ ಚೆಂದವಾಗಿ ಅಳುತ್ತಿದ್ದಳು. ಅದರಲ್ಲಿ ಅವಳದು ಎತ್ತಿದ ಕೈ.

ಈ ವರ್ಷ ಡೆಸ್ಮಂಡ್ ನಿಜವಾಗಿಯೇ ಸತ್ತ. ಮುಸುಕಿನ ಅಂಚು ಹೊಲಿಯುತ್ತಾ, ಕೂತಲ್ಲೇ. ಪಕ್ಕದಲ್ಲಿದ್ದ ಟೀ ಇನ್ನೂ ಬೆಚ್ಚಗಿತ್ತು. ಹಿಲರಿಗೆ ಒಂದು ಹನಿ ಕಣ್ಣೀರೂ ಬರಲಿಲ್ಲ. ಹಾಳಾದ ಕಣ್ಣು! ಸುಳ್ಳಿಗೆ ಸುರಿಸಿ ಸುರಿಸಿ ಇದ್ದದ್ದೆಲ್ಲ ಮುಗಿದುಹೋಯಿತೇನೋ ಎಂದು ಹೆದರಿದಳು. ಅಳದೆ ಅವನನ್ನು ಮಣ್ಣು ಮಾಡಿ ಬಂದರೆ, ನಾಳೆಯಿಂದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಹೇಗೆ?

ಶವಸಂಸ್ಕಾರಕ್ಕೆ ಸಿಕ್ಕಿದ್ದು ಹಬ್ಬದ ಶನಿವಾರವೇ. ಹಿಲರಿ ಅದೇ ಗೌನಿನಲ್ಲಿ ಹೊರಬಂದದ್ದು ಕಂಡು ಡೆಸ್ಮಂಡನ ಅಕ್ಕ ಮೊರೀನ್ ಕೆಂಡಾಮಂಡಲವಾದಳು.

“ತಲೆ ಕೆಟ್ಟಿದ್ಯಾ ನಿಂಗೆ? ಸತ್ತಿರೋದು ನನ್ನ ತಮ್ಮ ಮಾರಾಯ್ತಿ, ನಾಟಕ ಅಲ್ಲ. ಕಣ್ಣಲ್ಲಿ ನೀರಿಲ್ಲ, ವೇಷ ಬೇರೆ ಕೇಡು!”

“ಅವನು ಹೊಲಿದಿದ್ದು ಮೊರೀನ್. ಇನ್ನೇನು ಹಾಕ್ಕೊಳ್ಳಲಿ?”

ಶವದ ಕಾರು ಚರ್ಚಿನ ದಾರಿಯ ಇಕ್ಕಟ್ಟು ಬೀದಿಯಲ್ಲಿ ಜನರ ನಡುವೆ ಸಿಕ್ಕಿಕೊಂಡಿತು. ಹಿಂದೆ ನಡೆದು ಬರುತ್ತಿದ್ದ ಹೆಂಗಸರಿಬ್ಬರೂ ನಿಂತರು. ಸುತ್ತ ರಕ್ತಪಿಶಾಚಿಗಳು, ಬಿಗಿ ಕೋಟಿನ ಜಮೀನ್ದಾರರು, ಬೇರೆ ಬೇರೆ ವಿಧವೆಯರು. ಗಂಡಸರೆಲ್ಲ ಉದ್ದ ಟೋಪಿ ತೆಗೆದು ಹಳೆಯ ಕಾಲದ ರೀತಿಯಲ್ಲಿ ತಲೆಬಾಗಿದರು. ಬದುಕಿದ್ದಾಗ ಡೆಸ್ಮಂಡನಿಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

“ಪೆಟ್ಟಿಗೆ, ಕಾರು ಎಲ್ಲಾ ತರಿಸಿದ್ದಾರೆ ಕಣೋ!” ಪಿಶಾಚಿಯೊಂದು ಗೆಳೆಯನಿಗೆ ಹೇಳಿತು. “ಮಾಡಿದ್ರೆ ಹೀಗ್ ಮಾಡ್ಬೇಕಪ್ಪಾ.”

ಕ್ಯಾಮೆರಾ ಹಿಡಿದ ದಪ್ಪ ಮನುಷ್ಯನೊಬ್ಬ ಮುಂದೆ ಬಂದ. “ಮೇಡಂ, ಒಂದೇ ಒಂದು ಫೋಟೊ.”

“ತೊಲಗ್ರೀ ಆಚೆ!” ಎಂದಳು ಮೊರೀನ್.

ಅಷ್ಟರಲ್ಲಿ ಹಿಲರಿ ಫೋಟೊಕ್ಕೆ ನಿಂತಾಗಿತ್ತು. ಇಷ್ಟು ವರ್ಷದ ಅಭ್ಯಾಸ, ಏನು ಮಾಡುವುದು? ತಲೆ ತಗ್ಗಿಸಿ, ಮುಸುಕು ಸರಿಸಿ, ತುಸು ಎಡಕ್ಕೆ ಸರಿದು ನಿಂತಳು.

ಅವನು ಕ್ಯಾಮೆರಾದಲ್ಲಿ ಕಣ್ಣಿಟ್ಟು ಕೈ ಬೀಸಿದ. “ನಡುವಿಗೆ ಬನ್ನಿ ಮೇಡಂ. ನಿಮ್ಮ ಹಿಂದೆ ಬಲಗಡೆ ಒಬ್ಬ ಆಳು ನಿಲ್ಲೋವಷ್ಟು ಜಾಗ ಸುಮ್ನೆ ಖಾಲಿ ಬಿಟ್ಟಿದ್ದೀರಿ.”

ಹಿಲರಿ ತಿರುಗಿ ನೋಡಿದಳು. ಹೌದು, ಜಾಗವಿತ್ತು. ಕಾಲಿಡಲೂ ಆಗದಷ್ಟು ಜನ ತುಂಬಿದ್ದ ಬೀದಿಯಲ್ಲಿ ಅಲ್ಲಿ ಮಾತ್ರ ಯಾರೂ ಇರಲಿಲ್ಲ.

ಆಗ ಬಂತು ಅಳು. ಹಬ್ಬದ ಚೆಂದದ ಅಳುವಲ್ಲ. ಬಾಯಿ ಸೊಟ್ಟಗಾಯಿತು, ಮೂಗು ಸೋರಿತು, ಡೆಸ್ಮಂಡ್ ಹೊಲಿದು ಮುಗಿಸದ ಮುಸುಕಿನ ಅಂಚಿನಲ್ಲೇ ಒರೆಸಿಕೊಂಡಳು.

ಫೋಟೊದವನು ಕ್ಯಾಮೆರಾ ಇಳಿಸಿದ. “ಇದು ಸ್ವಲ್ಪ ಅತಿಯಾಯ್ತು ಮೇಡಂ. ಮೊದಲಿನ ಥರಾನೇ ನಿಂತ್ಕೊಳ್ಳಿ, ನಿಜ ಅನ್ನಿಸ್ತಿತ್ತು.”

ಆ ಖಾಲಿ ಜಾಗದ ಆಚೆ, ಬಲಗಡೆ ನಿಂತಿದ್ದ ಮೊರೀನ್ ಅದನ್ನು ತುಳಿಯದೆ ಸುತ್ತಿ ಬಂದು, ಅವಳ ಎಡಗೈ ಹಿಡಿದುಕೊಂಡಳು.