ಅರವತ್ತೆರಡು ಪರ್ಸೆಂಟ್ ಗೋಧಿ

ಮೀಟರ್ ಕೆಟ್ಟಿತ್ತು ಅಂತ ಪೊಲೀಸರ ಮುಂದೆ ನಾನು ಹೇಳಬೇಕಂತೆ. ಕೇಳಿದ್ರಾ ಮಾತು? ಗಾಜಿಯಾಬಾದಿನ ಆ ಹಿಟ್ಟಿನ ಗಿರಣಿಯ ಮ್ಯಾನೇಜರ್ ಚಂದ್ರಮೋಹನನ ಆಸೆ ಇದು. ಅಲ್ಲಿನ ಸೈಲೋಗಳಿಗೆ, ಅಂದರೆ ಐದಂತಸ್ತಿನಷ್ಟು ಎತ್ತರದ ಉಕ್ಕಿನ ಕಣಜಗಳಿಗೆ, ಒಳಗೆ ಎಷ್ಟು ಕಾಳಿದೆ ಅಂತ ತೋರಿಸುವ ರಡಾರ್ ಮೀಟರ್ ಕೂರಿಸಿ ನೋಡಿಕೊಳ್ಳುವವಳು ನಾನು, ಮಯೂರಿ. ನನ್ನ ಮೀಟರ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ಅವನ ತಲೆ.

ಬೆಳಿಗ್ಗೆ ಮೂರನೇ ಸೈಲೋದ ಅಡಿಬಾಯಿ ತೆರೆದರೆ ಒಂದು ಕಾಳೂ ಬೀಳಲಿಲ್ಲ. ಸ್ಕ್ರೀನಿನಲ್ಲಿ ಮಾತ್ರ ಅರವತ್ತೆರಡು ಪರ್ಸೆಂಟ್ ಗೋಧಿ. ಮಳೆನೀರು ಸೋರಿ ಮೇಲಿನ ಗೋಧಿ ಹೆಪ್ಪುಗಟ್ಟಿದೆ, ಅದರ ಕೆಳಗೆ ಟೊಳ್ಳಾಗಿದೆ ಅಂತ ನನಗೆ ಆಗಲೇ ಅನಿಸಿತು. ರಡಾರ್‌ಗೆ ಕಾಣೋದು ಮೇಲ್ಮೈ ಅಷ್ಟೇ.

"ಯಾರೂ ಒಳಗೆ ಇಳಿಯಬೇಡಿ, ಪಕ್ಕದಿಂದ ಕೊರೆಸಿ" ಅಂದೆ.

"ಅಚ್ಛಾ, ಪರೀಕ್ಷೆ ಮಾಡೋಣ" ಅಂತ ಚಂದ್ರಮೋಹನ ಹಳೇ ಪದ್ಧತಿಯಂತೆ ಮೇಲಿನ ಕಿಂಡಿಯಿಂದ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡು ಇಳಿಬಿಡಿಸಿದ. ಮೀಟರ್ ಹೇಳಿದ ಆಳದಲ್ಲೇ ಗುಂಡು ಕೂತಿತು. "ನೋಡಿ ಮೇಡಂ, ಎರಡೂ ಒಂದೇ ಹೇಳ್ತಿವೆ. ತುಂಬಿದೆ. ಇಳಿದು ಸಲಾಕೆಯಲ್ಲಿ ಚುಚ್ಚಿದರೆ ಆಯ್ತು."

ಅಯ್ಯೋ ದೇವರೇ! ಗುಂಡು ಕೂತಿದ್ದೂ ಅದೇ ಹೆಪ್ಪಿನ ಮೇಲೆ ತಾನೆ? ಗಂಟಲು ಹರಿಯುವಂತೆ ಹೇಳಿದೆ. "ಮೀಟರ್ ನೀವು ನೋಡಿಕೊಳ್ಳಿ, ಗೋಧಿ ನಮಗೆ ಬಿಡಿ" ಅಂದ.

ಅಲ್ಲಿನ ಸೇಫ್ಟಿ ಆಫೀಸರ್ ಮೇದಪ್ಪ ಅಂಕಲ್ ಕೊಡಗಿನವರು, ನಿವೃತ್ತ ಸುಬೇದಾರರು. "ಏನಮ್ಮ, ತಿಂಡಿ ಆಯ್ತಾ?" ಅಂತ ಕನ್ನಡದಲ್ಲಿ ಕೇಳಲು ಆ ಗಿರಣಿಯಲ್ಲಿ ನನಗಿದ್ದವರು ಅವರೊಬ್ಬರೇ. ಅವರೂ ಬೇಡ ಅಂದರು. ಸೇಫ್ಟಿ ಬೆಲ್ಟ್ ಹರಿದಿದೆ, ಹೊಸದು ಬರಲಿ ಅಂದರು. ಚಂದ್ರಮೋಹನ ಕಿವಿಗೇ ಹಾಕಿಕೊಳ್ಳಲಿಲ್ಲ. ಮಾಲೀಕರಿಗೆ ಫೋನ್ ಮಾಡಿ ತಡೆಯೋಣ ಅಂತ ನಾನು ಕೆಳಗೆ ಕಂಟ್ರೋಲ್ ರೂಮಿಗೆ ಓಡಿದೆ.

ಆಮೇಲೆ ನಡೆದದ್ದನ್ನು ಕೆಲಸಗಾರ ಕಿಶನ್ ಅಳುತ್ತ ಹೇಳಿದ. ಮ್ಯಾನೇಜರ್ "ಚಲೋ, ಇಳಿ" ಅಂದಾಗ ಅವನು ಕಿಂಡಿಯೊಳಗೆ ಕಾಲಿಟ್ಟಿದ್ದನಂತೆ. ಅಂಕಲ್ ಅವನ ಕಾಲರ್ ಹಿಡಿದು ಹೊರಗೆಳೆದರಂತೆ. ಫೌಜಿನ ಹಟ ಅದು, ತಾನು ಕಾಲಿಡದ ಜಾಗಕ್ಕೆ ಇನ್ನೊಬ್ಬನನ್ನು ಕಳಿಸುವವರಲ್ಲ. "ಮೊದಲು ನಾನು ನೋಡ್ತೀನಿ" ಅಂತ ಇಳಿದೇಬಿಟ್ಟರಂತೆ.

ಮಾಲೀಕರ ಫೋನ್ ಇನ್ನೂ ರಿಂಗ್ ಆಗುತ್ತಿತ್ತು. ನನ್ನ ಕಣ್ಣೆದುರೇ ಸ್ಕ್ರೀನಿನ ಅರವತ್ತೆರಡು ಹದಿನೆಂಟಕ್ಕೆ ಬಿತ್ತು. ಹೆಪ್ಪು ಕುಸಿದಿತ್ತು. ನಾನು ಫೋನ್ ಬಿಸಾಡಿ ಕಿರುಚಿದೆ.

ಮಧ್ಯಾಹ್ನ ಅಂಕಲ್ ಹೆಂಡತಿ ದೇಚಮ್ಮ ದೆಹಲಿಯ ಜನಕಪುರಿಯಿಂದ ಬಂದರು. ಚಂದ್ರಮೋಹನ ಕೈಮುಗಿದು "ಮೀಟರ್ ಮೋಸ ಮಾಡಿತು" ಅಂದ.

ದೇಚಮ್ಮ ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ಅವರು ನಿಂತ ಗೋಧಿಯ ಕೆಳಗೆ ಏನಿತ್ತು?"

"ಏನೂ ಇರಲಿಲ್ಲ, ಆಂಟಿ."

"ಈ ಮ್ಯಾನೇಜರಿಗೆ ಗೊತ್ತಿತ್ತಾ?"

"ನಾನು ಹೇಳಿದ್ದೆ. ಅಂಕಲ್ಲೂ ಹೇಳಿದ್ದರು."

"ಪೊಲೀಸರಿಗೂ ಇದನ್ನೇ ಹೇಳು" ಅಂದರು ದೇಚಮ್ಮ. ಅವರ ಕೈ ಹಿಡಿದು ಸೈಲೋದ ಹತ್ತಿರ ಕರೆದುಕೊಂಡು ಹೋದೆ. ಅಂಕಲ್‌ರ ದೇಹವನ್ನು ಹೊರಗೆ ತೆಗೆಯಲು ಅಲ್ಲಿ ಉಕ್ಕು ಕೊರೆಯುತ್ತಿದ್ದರು, ಬೆಳಿಗ್ಗೆ ನಾನು ಹೇಳಿದ ಹಾಗೆ, ಪಕ್ಕದಿಂದ.