ಸೆರಗಿಗೆ ಒರೆಸಿದ ಬ್ಲೇಡು

ಏಳನೆಯ ದಿನ ಬಂತೆಂದರೆ ಸಂತಪುರದ ಬಾಣಂತಿಯರಿಗೆ ಜೀವವೇ ಬಾಯಿಗೆ ಬರುತ್ತಿತ್ತು. ಅಲ್ಲಿಯವರೆಗೆ ಚೆನ್ನಾಗಿದ್ದ ಕೂಸು ಮೊಲೆ ಬಿಡುತ್ತಿತ್ತು. ದವಡೆ ಬಿಗಿದು, ಮೈ ಸೆಟೆದು, ಎರಡೇ ದಿನದಲ್ಲಿ ಹೋಗಿಬಿಡುತ್ತಿತ್ತು. ೧೯೪೮ರ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ಬಂದ ಗದ್ದಲ, ಸಾವುನೋವು ಮುಗಿದು ಆರು ತಿಂಗಳಾಗಿತ್ತು; ಊರು ಅತ್ತು ಅತ್ತು ದಣಿದಿತ್ತು. ಸೂಲಗಿತ್ತಿ ಅಂಜನಾಬಾಯಿಗಂತೂ ಇನ್ನೊಂದು ಕೂಸನ್ನು ಮಣ್ಣಿಗೆ ಕಳಿಸುವ ಶಕ್ತಿ ಉಳಿದಿರಲಿಲ್ಲ.

ಆ ಗುರುವಾರ ಸಿಸ್ಟರ್ ಅಗಾಥಾ ಎಂದಿನಂತೆ ಎತ್ತಿನ ಗಾಡಿಯಲ್ಲಿ ಬಂದರು. ಮಂಗಳೂರು ಕಡೆಯವರು. ಔರಾದಿನ ಬಾಡಿಗೆ ಮನೆಯಲ್ಲಿ ದವಾಖಾನೆ ನಡೆಸುವ ನಾಲ್ವರು ಕ್ರೈಸ್ತ ಸನ್ಯಾಸಿನಿಯರಿಗೆ ಅವರೇ ಹಿರಿಯರು. ವಾರಕ್ಕೊಮ್ಮೆ ಬಂದು ಸುತ್ತಲಿನ ಸೂಲಗಿತ್ತಿಯರಿಗೆ ಪಾಠ ಹೇಳುತ್ತಿದ್ದರು.

ಸೂಲಗಿತ್ತಿಯರೆಲ್ಲ ಕೂಡಿದ್ದಾಗ ಅಂಜನಾಬಾಯಿ, ಸಿಸ್ಟರ್ ಕೊಟ್ಟಿದ್ದ ಬ್ಲೇಡಿನ ಪೊಟ್ಟಣವನ್ನು ಅವರ ಮುಂದಿಟ್ಟಳು.

"ತಗೋರಿ. ನೀವು ಹೇಳ್ದಂಗ ಕುದಿಸೇ ಹೊಕ್ಕಳಬಳ್ಳಿ ಕೊಯ್ದೇನಿ. ಆದ್ರೂ ಈರಮ್ಮನ ಕೂಸು ಉಳೀಲಿಲ್ಲ. ಕುಡಗೋಲಿಲೆ ಕೊಯ್ದ್ರೂ ಅಷ್ಟ, ಇದರಿಲೆ ಕೊಯ್ದ್ರೂ ಅಷ್ಟರಿ. ನನ್ನ ಕೈನೇ ಛಲೋ ಇಲ್ಲಂತಾರ ಮಂದಿ. ಇನ್ನ ನಾ ಯಾರ ಮನಿಗೂ ಹೋಗಂಗಿಲ್ಲ."

ಸಿಸ್ಟರ್ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಅವರ ಕಣ್ಣುಗಳೂ ಸೋತಿದ್ದವು.

"ನಾನು ಬೈಯುವುದಿಲ್ಲ. ಏನೇನು ಮಾಡಿದಿರಿ, ಒಂದೊಂದೇ ಹೇಳಿ."

"ನೀರು ಕುದಿಸ್ದೆ. ಬ್ಲೇಡು, ದಾರ ಅದರಾಗ ಹಾಕ್ದೆ. ಸಾಬೂನು ಹಚ್ಚಿ ಕೈ ತೊಳಕೊಂಡೆ. ಬ್ಲೇಡ್ ತೆಗೆದು ಒರಸ್ದೆ..."

"ಒರೆಸಿದ್ದು ಯಾಕೆ?"

"ಹಸಿ ಕಬ್ಬಿಣ ತಾಕಿದ್ರ ಕೂಸಿನ ಹೊಟ್ಟಿಗಿ ಶೀತ ಆಗ್ತದಲ್ರಿ. ನಮ್ಮತ್ತಿ ಕಲಿಸಿದ್ದು."

"ಯಾವುದರಿಂದ ಒರೆಸಿದಿರಿ?"

ಅಂಜನಾಬಾಯಿ ಸೆರಗು ತೋರಿಸಿದಳು. ಬೆಳಿಗ್ಗೆ ಕೊಟ್ಟಿಗೆ ಬಳಿದ ಸಗಣಿ ಅದರ ಅಂಚಿನಲ್ಲಿ ಒಣಗಿತ್ತು.

ಸಿಸ್ಟರ್ ಆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎಲ್ಲ ಸೂಲಗಿತ್ತಿಯರೂ ಕೇಳುವಂತೆ ಹೇಳಿದರು:

"ತಪ್ಪು ನನ್ನದು. ಕುದಿಸಿ ಎಂದೆ, ಕುದಿಸಿದ ಮೇಲೆ ಒರೆಸಬೇಡಿ ಎನ್ನಲಿಲ್ಲ. ಸಗಣಿ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ನಂಜು ಇರುತ್ತದೆ. ಅದು ಸೆರಗಿನಿಂದ ಬ್ಲೇಡಿಗೆ, ಬ್ಲೇಡಿನಿಂದ ಹೊಕ್ಕುಳಿಗೆ ಹೋಯಿತು. ನಿಮ್ಮ ಕೈ ಚೆನ್ನಾಗಿಯೇ ಇದೆ, ಅಂಜನಾಬಾಯಿ. ನಡೆಯಿರಿ, ಈರಮ್ಮನಿಗೆ ನಾನೇ ಹೇಳುತ್ತೇನೆ."

ದೊಡ್ಡವರೊಬ್ಬರು ತಪ್ಪು ತಮ್ಮದು ಎಂದದ್ದನ್ನು ಅಂಜನಾಬಾಯಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಬ್ಬರೂ ಮನೆಗೆ ಹೋದಾಗ ಈರಮ್ಮ ಎಲ್ಲ ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ. "ಬಂದು ಹೇಳಿದ್ರಲ್ಲ, ಅಷ್ಟ ಸಾಕ್ರಿ," ಅಂದಳು. ಹೊರಗೆ ಬಂದ ಅಂಜನಾಬಾಯಿ ಬ್ಲೇಡಿನ ಪೊಟ್ಟಣವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ಸೋಮವಾರ ಬೆಳಿಗ್ಗೆ ಅದೇ ಊರಿನ ಖೈರುನ್ನಿಸಾಳಿಗೆ ಹೆರಿಗೆ ನೋವು ಬಂತು. ಅವಳ ಗಂಡ ಗೌಸೋದ್ದೀನ ಕಾರ್ಯಾಚರಣೆಯ ಗದ್ದಲದಲ್ಲಿ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಆ ಮನೆಗೆ ಉಳಿದಿದ್ದ ಆಸೆ ಈ ಬಸುರೊಂದೇ.

ಗಂಡು ಕೂಸು ಹುಟ್ಟಿತು. ಕುದಿಯುವ ನೀರಿನಿಂದ ತೆಗೆದ ಬ್ಲೇಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಮೂವತ್ತು ವರ್ಷದ ರೂಢಿ. ಅಂಜನಾಬಾಯಿಯ ಕೈ ತಾನಾಗಿ ಸೆರಗಿನ ಕಡೆ ಹೋಯಿತು. ಅಲ್ಲೇ ತಡೆದಳು. ಹಸಿ ಬ್ಲೇಡಿನಿಂದಲೇ ಕೊಯ್ದಳು.

ಖೈರುನ್ನಿಸಾಳ ಅತ್ತೆ ಸುಗರಾ ಒಲೆಯ ಬೂದಿ ತಂದಳು. "ಇದರೆ ಹಚ್ಚವಾ, ಲಗೂ ಒಣಗ್ತದ."

"ಏನೂ ಬ್ಯಾಡ್ರಿ ಆಪಾ. ಹಂಗ ಬಿಡ್ರಿ. ತಾನ ಒಣಗ್ತದ."

"ಏನರೆ ಆದ್ರ?"

"ನಾ ಇಲ್ಲೇ ಇರ್ತೇನಿ."

ಏಳನೆಯ ದಿನ ಅಂಜನಾಬಾಯಿ ಬೆಳಗಿನಿಂದಲೇ ಆ ಮನೆಯ ಹೊಸ್ತಿಲಲ್ಲಿ ಕುಳಿತಳು. ಕೂಸು ಹಸಿದು ಅತ್ತಿತು, ಮೊಲೆ ಹಿಡಿಯಿತು, ಬಿಡಲಿಲ್ಲ. ಎಂಟನೆಯ ದಿನವೂ ಅಷ್ಟೇ. ಹತ್ತನೆಯ ದಿನ ಕೂಸು ಮೊಲೆ ಚೀಪುವ ಸದ್ದು ಕೇಳುತ್ತ ಕೇಳುತ್ತ, ಅವಳು ಬಾಗಿಲಿಗೆ ಒರಗಿ ನಿದ್ದೆ ಹೋದಳು. ಸುಗರಾ ಅವಳನ್ನು ಎಬ್ಬಿಸಲಿಲ್ಲ.

ಅಕ್ಕತಂಗಿಯರೇ, ಅಂದು ಇಲ್ಲದ ಹೆರಿಗೆ ಆಸ್ಪತ್ರೆ ಇಂದು ಇದೆ, ಆ ಕೂಸುಗಳನ್ನು ಒಯ್ದ ಧನುರ್ವಾಯು ಬಾರದಂತೆ ಬಸುರಿಯರಿಗೆ ಸೂಜಿಯೂ ಇದೆ. ಸೂಜಿ ಹಾಕಿಸಿಕೊಳ್ಳಿ, ಹೆರಿಗೆಗೆ ಆಸ್ಪತ್ರೆಗೇ ಹೋಗಿ. ಕೂಸಿನ ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಗೊತ್ತಿಲ್ಲದೆ ಹಚ್ಚಿದ್ದರೆ ಅಂಜದೆ ನರ್ಸಮ್ಮನ ಮುಂದೆ ಹೇಳಿ. ಬೈದರೆ ಬೈಸಿಕೊಳ್ಳೋಣ, ಕೂಸು ಉಳಿಯಲಿ.