ಮೆಟ್ಟಿಲ ಮೇಲಿನ ಲಾಟೀನು

ಟಿವಿಗೆ ಸಿಕ್ಕಿಸಿದ ಪೆಟ್ಟಿಗೆಯ ಆ ವಿಡಿಯೋ ಆಟದಲ್ಲಿ ಆಡುವವರು ಎದ್ದುಹೋದರೂ ಅವರ ಗೊಂಬೆ ಮಾಯವಾಗುತ್ತಿರಲಿಲ್ಲ; ಮನೆಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿತ್ತು. ಅಕ್ಕ ತೀರಿಕೊಂಡು ವರ್ಷವಾದರೂ ಅವಳ ಹಳದಿ ಸ್ವೆಟರಿನ ಗೊಂಬೆ ಅಲ್ಲೇ ಇತ್ತು. ತಂಗಿ ಗುಬ್ಬಿ ದಿನವೂ ತನ್ನ ಗೊಂಬೆಯನ್ನು ಅದರ ಪಕ್ಕ ಕೂರಿಸುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ನಡುವೆ ಒಂದು ಲಾಟೀನು. ಕೊನೆಗೆ ಹೊರಡುವವರು ಅದನ್ನು ಆರಿಸಬೇಕೆಂಬುದು ಅಕ್ಕ ಮಾಡಿದ ನಿಯಮ. ಅಕ್ಕ ಹೋದ ಮೇಲೆ ಗುಬ್ಬಿ ಒಮ್ಮೆಯೂ ಆರಿಸಿರಲಿಲ್ಲ.

ಈಗ ಕಂಪನಿ ಆಟವನ್ನೇ ಮುಚ್ಚುತ್ತಿತ್ತು. ಇವತ್ತು ಸಂಜೆಗೆ ಸರ್ವರ್ ಬಂದ್.

"ಆಟದ ಡಿಸ್ಕ್ ನಮ್ಮದೇ ಅಲ್ವಾ ಅಣ್ಣಾ?" ಎಂದು ಗುಬ್ಬಿ ರಿಪೇರಿ ಅಂಗಡಿಯವನನ್ನು ಕೇಳಿದಳು.

ಅವನು ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡ. "ಡಿಸ್ಕ್ ಬರೀ ಬೀಗದಕೈ ಕಣಮ್ಮಾ. ಮನೆ ಇರೋದು ಅವರ ಹತ್ರ. ಆನ್ ಮಾಡಿದಾಗೆಲ್ಲ ಒಳಗೆ ಬರ್ಲಾ ಅಂತ ಅವರನ್ನ ಕೇಳುತ್ತೆ. ನಾಳೆಯಿಂದ ಉತ್ತರ ಕೊಡೋರೇ ಇರಲ್ಲ."

"ಆಫೇ ಮಾಡದಿದ್ರೆ?"

"ಹಾಗಾದ್ರೆ ಆ ಪೆಟ್ಟಿಗೇನೇ ಮದುವೆಯಾಗ್ಬಿಡು!"

ಗುಬ್ಬಿ ನಗಲಿಲ್ಲ. ಮನೆಗೆ ಬಂದವಳೇ ಆಟ ತೆರೆದು, ಅಕ್ಕನ ಪಕ್ಕ ತನ್ನ ಗೊಂಬೆಯನ್ನು ಕೂರಿಸಿ, ಇಂಟರ್‌ನೆಟ್ ವೈರು ಕಿತ್ತಳು. ಸುದ್ದಿಯೇ ಮುಟ್ಟದಿದ್ದರೆ ಮುಚ್ಚುವುದಾದರೂ ಹೇಗೆ? 'ಸಂಪರ್ಕವಿಲ್ಲ' ಎಂಬ ಅಕ್ಷರಗಳು ಮೂಡಿ ಚಿತ್ರ ಇದ್ದಲ್ಲೇ ಹೆಪ್ಪುಗಟ್ಟಿತು. ಲಾಟೀನು, ಅಕ್ಕ, ತಾನು. ಅಷ್ಟು ಸಾಕಿತ್ತು.

"ಟಿವಿ ಬಿಡ್ತೀಯಾ, ಇಲ್ಲಾ ಅದರ ಮುಂದೇನೇ ಬೇರು ಬಿಡ್ತೀಯಾ?" ಅಡುಗೆಮನೆಯಿಂದ ಅಮ್ಮನ ದನಿ ಬಂತು.

ಗುಬ್ಬಿ ಬಾಗಿಲತ್ತ ತಿರುಗಿದಳು. "ಇನ್ಮೇಲೆ ಇದನ್ನ ಆರಿಸಬಾರದಮ್ಮಾ. ಯಾವತ್ತೂ."

ಅಮ್ಮ ಸೌಟು ಹಿಡಿದೇ ಬಂದಳು. ಬೈಯಲು ಬಾಯಿ ತೆರೆದವಳು ಟಿವಿಯತ್ತ ನೋಡಿ ಮೆತ್ತಗಾದಳು. "ಅಯ್ಯೋ, ಇವಳ್ಯಾಕೇ ನಿಂತೇ ಇದಾಳೆ? ಕೂತ್ಕೋ ಅನ್ನಬಾರದಾ?"

ಗುಬ್ಬಿ ಹಿಂತಿರುಗಿ ನೋಡಿದಳು. ಹಳದಿ ಸ್ವೆಟರು ಎದ್ದು ನಿಂತಿತ್ತು. 'ಸಂಪರ್ಕವಿಲ್ಲ' ಹಾಗೇ ಇತ್ತು. ಕಿತ್ತ ವೈರು ಗುಬ್ಬಿಯ ಮುಷ್ಟಿಯಲ್ಲೇ ಇತ್ತು. ಆದರೆ ಅಕ್ಕನ ಪಕ್ಕ ತನ್ನ ಗೊಂಬೆ ಇರಲಿಲ್ಲ.

ಅಕ್ಕ ಯಾರನ್ನೋ ಹುಡುಕುವಂತೆ ಅತ್ತಿತ್ತ ನೋಡಿದಳು. ಆಮೇಲೆ, ಎಲ್ಲರೂ ಹೊರಟುಹೋದರೆಂದು ಖಾತ್ರಿಯಾದವಳ ಹಾಗೆ, ಲಾಟೀನಿನತ್ತ ಬಾಗಿದಳು.

"ಅಕ್ಕಾ, ಬೇಡ! ನಾನಿಲ್ಲೇ ಇದೀನಿ ಕಣೇ!" ಗುಬ್ಬಿ ವೈರು ಸಿಕ್ಕಿಸಲು ತಡಕಾಡಿದಳು.

ಲಾಟೀನು ಆರಿತು. ತೆರೆ ಪೂರ್ತಿ ಕಪ್ಪಾಯಿತು. ಪೆಟ್ಟಿಗೆಯ ಫ್ಯಾನು ಮಾತ್ರ ಇನ್ನೂ ಗುಯ್‌ಗುಡುತ್ತಿತ್ತು. ಕಪ್ಪು ಗಾಜಿನಲ್ಲಿ ಸೌಟು ಹಿಡಿದ ಅಮ್ಮನ ಪ್ರತಿಬಿಂಬ ಕಾಣುತ್ತಿತ್ತು. ಅದರ ಪಕ್ಕಕ್ಕೆ, ತಾನು ಕಾಣಬೇಕಾದ ಜಾಗಕ್ಕೆ ಕಣ್ಣು ಹಾಯಿಸಲು ಗುಬ್ಬಿಗೆ ಧೈರ್ಯ ಬರಲಿಲ್ಲ.